ಸೂಜಕ್ಕನ ಸ್ವೆಟರ್ ನೋಡಿ ಅತ್ತ ದೇಶ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟಿ.ವಿ. ಸ್ಟುಡಿಯೋದ ನೆಲಮಾಳಿಗೆಯಲ್ಲಿರುವ ಉಡುಪಿನ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಸೂಜಕ್ಕ ಬೂದುಬಣ್ಣದ ಒಂದು ಉಣ್ಣೆಯ ಸ್ವೆಟರನ್ನು ಮಡಿಲಲ್ಲಿ ಹರವಿಕೊಂಡು ಕೂತಿದ್ದಾರೆ. ಸ್ವೆಟರಿನ ಎದೆಯ ಹತ್ತಿರ ಅಂಗೈಯಗಲದ ಹರುಕು. ಮೇಲಿನ ವೇದಿಕೆಯಲ್ಲಿ ಯಾರೋ ಮೈಕಿಗೆ ‘ಹಲೋ ಹಲೋ’ ಎನ್ನುತ್ತಿರುವುದು ಚಾವಣಿಯಿಂದ ಇಳಿದು ಬರುತ್ತಿದೆ. ಸೂಜಕ್ಕ ಸ್ವೆಟರಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಸೂಜಿಗೆ ಪೋಣಿಸಿ, ಅಡ್ಡ ಒಂದು ಉದ್ದ ಒಂದು ಎಂದು ಹೆಣೆಯುತ್ತಾ ಹೋಗುತ್ತಾರೆ. ಮುಗಿಸಿ ಎದ್ದಾಗ ಹರುಕು ಎಲ್ಲಿತ್ತೆಂದು ಅವರೇ ಹುಡುಕಬೇಕು.

“ಯಾರೋ ಪುಣ್ಯಾತ್ಮರು ಮೊಳೆಗೆ ಸಿಕ್ಕಿಸ್ಕೊಂಡಿರ್ಬೇಕು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಇಸ್ತ್ರಿ ಹಾಕಿ ಹ್ಯಾಂಗರಿಗೆ ತೂಗುಹಾಕುತ್ತಾರೆ. ಆ ಸ್ವೆಟರನ್ನು ಹಿಂದಿನ ಸಂಜೆ ಮೂವರು ಕೂತು ಬೇಕೆಂದೇ ಹರಿದಿದ್ದರು ಎಂಬುದು ಅವರಿಗೆ ಗೊತ್ತಿಲ್ಲ.

ರಾಷ್ಟ್ರೀಯ ಹಾಡಿನ ಸ್ಪರ್ಧೆ ಯಾವ ಮನೆಗೆ ಗೊತ್ತಿಲ್ಲ? ಅದರ ತೀರ್ಪುಗಾರರ ಮಕ್ಕಳ ಹೆಸರು ಕೂಡ ಜನಕ್ಕೆ ಬಾಯಿಪಾಠ. ಅಲ್ಲಿ ಹರಿದ ಬಟ್ಟೆ ರಫು ಮಾಡುವ ಈ ಹೆಂಗಸಿನ ಹೆಸರು ಮಾತ್ರ ಸ್ಟುಡಿಯೋದ ಕಾವಲುಗಾರನಿಗೂ ಗೊತ್ತಿಲ್ಲ. ಬಾಯಲ್ಲಿ ಸದಾ ಸೂಜಿ ಕಚ್ಚಿಕೊಂಡಿರುವುದರಿಂದ ಎಲ್ಲರಿಗೂ ಸೂಜಕ್ಕ. ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದರು. ಅದು ಬಾಗಿಲು ಹಾಕಿದಾಗ ಇಲ್ಲಿನ ದರ್ಜಿಯೊಬ್ಬರು ಕರೆತಂದರು. ಗಂಡ ಗೋಡೆಗೆ ಬಣ್ಣ ಹೊಡೆಯುತ್ತಾರೆ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಬೆನ್ನು ಬಾಗಿದೆ, ಎಡಗಣ್ಣಿನಲ್ಲಿ ನೀರು ಸುರಿಯುತ್ತದೆ. “ಡಾಕ್ಟ್ರು ಕಣ್ಣಿಗೆ ವಿಶ್ರಾಂತಿ ಕೊಡಿ ಅಂದ್ರು. ಕಣ್ಣು ಮುಚ್ಕೊಂಡು ರಫು ಮಾಡೋದನ್ನ ಹೇಳ್ಕೊಡಿ ಡಾಕ್ಟ್ರೇ, ನಾಳೆಯಿಂದಲೇ ಕೊಡ್ತೀನಿ ಅಂದೆ” ಎಂದು ನಗುತ್ತಾರೆ.

ಸ್ಪರ್ಧೆ ಶುರುವಾದ ಕಾಲವನ್ನು ಅವರು ಕಂಡಿದ್ದಾರೆ. ಹಾಡುವವರು ಮನೆಯ ಬಟ್ಟೆಯಲ್ಲೇ ಬಂದು ಮೈಕಿನ ಮುಂದೆ ಕಂಬದ ಹಾಗೆ ನಿಂತು ಹಾಡು ಪೂರ್ತಿ ಹಾಡುತ್ತಿದ್ದರು. ಜನ ಪೋಸ್ಟ್ ಕಾರ್ಡಿನಲ್ಲಿ ಮತ ಬರೆಯುತ್ತಿದ್ದರು. ಆ ಹೊತ್ತಿಗೆ ಬಸ್ಸುಗಳು ಖಾಲಿ ಓಡುತ್ತಿದ್ದವು, ಅಂಗಡಿಯವರು ಅರ್ಧ ಷಟರ್ ಎಳೆದು ಪಕ್ಕದ ಮನೆಯ ಟಿ.ವಿ. ಮುಂದೆ ಕೂರುತ್ತಿದ್ದರು. ಆಮೇಲೆ ಫೋನು ಬಂತು, ಮೆಸೇಜು ಬಂತು, ಜಾಹೀರಾತು ಬಂತು. ಜಾಹೀರಾತಿಗೆ ಜಾಗ ಮಾಡಲು ಹಾಡಿನ ಎರಡನೆಯ ಚರಣ ಕತ್ತರಿಸಿದರು. ಇವತ್ತು ಯಾವುದೇ ಶಾಲೆಗೆ ಹೋಗಿ ಮಗುವಿಗೆ ಹಾಡು ಎನ್ನಿ: ಪಲ್ಲವಿ ಹಾಡುತ್ತದೆ, ಒಂದು ಚರಣ ಹಾಡುತ್ತದೆ, ಆಮೇಲೆ ನಿಲ್ಲಿಸಿ ಚಪ್ಪಾಳೆಗೆ ಕಾಯುತ್ತದೆ. ಸಂಗೀತದ ಮೇಷ್ಟರುಗಳೂ ಅಷ್ಟನ್ನೇ ಕಲಿಸುತ್ತಾರೆ. ಒಂದು ಇಡೀ ದೇಶದ ಬಾಯಿಂದ ಅರ್ಧರ್ಧ ಹಾಡು ಕಿತ್ತುಕೊಂಡು ಹೋಗಿದ್ದಾರೆ, ಕೇಳುವವರಿಲ್ಲ.

ಹಾಡಿನಿಂದ ಉಳಿಸಿದ ಹೊತ್ತಿನಲ್ಲಿ ಸ್ಪರ್ಧಿಯ ಬದುಕಿನ ಕಥೆ ತೋರಿಸುವುದು ಶುರುವಾಯಿತು. ಆ ಕಥೆಗಳನ್ನು ಸಿದ್ಧಪಡಿಸುವ ಯುವಕನನ್ನು ಸ್ಟುಡಿಯೋದಲ್ಲಿ ‘ಕಥೆ ಸಾರ್’ ಎನ್ನುತ್ತಾರೆ. “ಮೊದಲು ಹುಡುಗಿ ಹೇಗೆ ಹಾಡ್ತಾಳೆ ಅಂತ ಕೇಳ್ತಿದ್ರು. ಈಗ ಅಪ್ಪ ಇದಾನಾ ಅಂತ ಕೇಳ್ತಾರೆ. ಇದ್ರೆ ಪಾಪ, ಕಥೆ ಸಾರ್ ಮುಖ ಇಷ್ಟು ಸಣ್ಣ ಆಗತ್ತೆ” ಎನ್ನುತ್ತಾರೆ ಸೂಜಕ್ಕ.

ಆ ಬೆಳಗ್ಗೆ ಕೆಳಗಿಳಿದು ಬಂದದ್ದು ಈ ಕಥೆ ಸಾರ್.

“ಅಕ್ಕ, ಇಲ್ಲೊಂದು ಹರಿದ ಸ್ವೆಟರ್ ಇತ್ತಲ್ಲ?”

“ಇಗೋ ಸಾರ್. ಸರಿ ಮಾಡಿಟ್ಟಿದ್ದೀನಿ.”

ಅವನು ತಿರುಗಿಸಿ ಮುರುಗಿಸಿ ನೋಡುತ್ತಾನೆ. “ಹರಿದದ್ದು ಎಲ್ಲಿ?”

“ಅದೇ ಸಾರ್, ಕಾಣೋದಿಲ್ಲ” ಎನ್ನುವಾಗ ಸೂಜಕ್ಕನ ದನಿ ಒಂದಿಷ್ಟು ಉಬ್ಬುತ್ತದೆ.

“ಅಯ್ಯೋ ದೇವರೇ! ಹೊಸ ಸ್ವೆಟರ್ ಅಕ್ಕ ಅದು! ಕಲ್ಲಿಗೆ ಉಜ್ಜಿ, ಚಹಾ ನೀರಲ್ಲಿ ನೆನೆಸಿ, ಕಷ್ಟಪಟ್ಟು ಹರಿದಿದ್ವಿ!”

ಸೂಜಕ್ಕ ಬಾಯಿಂದ ಸೂಜಿ ತೆಗೆಯುತ್ತಾರೆ. “ಹೊಸದನ್ನ ಯಾಕ್ ಸಾರ್ ಹರೀತೀರಿ?”

ಕಾರಣ ಹೇಳಲು ಅವನಿಗೆ ನಾಚಿಕೆಯಿಲ್ಲ. ಸೆಮಿಫೈನಲ್‌ಗೆ ಬಂದ ಹುಡುಗಿಯೊಬ್ಬಳ ತಾಯಿ ಶಾಲೆಯ ಬಸ್ಸು ಓಡಿಸುತ್ತಾರೆ. ಮಗಳ ಜೊತೆ ವೇದಿಕೆಗೆ ಬರಬೇಕಾದ ಆ ತಾಯಿ ಹಸಿರು ಕೋಟು ಹಾಕಿಕೊಂಡು ಬಂದಿದ್ದಾರೆ. “ಆ ಕೋಟಲ್ಲಿ ಬ್ಯಾಂಕ್ ಮ್ಯಾನೇಜರ್ ತರ ಕಾಣ್ತಾರೆ ಅಕ್ಕ. ಮ್ಯಾನೇಜರ್ ಮಗಳಿಗೆ ಯಾರ್ ವೋಟ್ ಹಾಕ್ತಾರೆ?”

ಮತ್ತೊಂದು ಹರಿಯಲು ಹೊತ್ತಿಲ್ಲ. ಅವನ ಕಣ್ಣು ಕೋಣೆಯೆಲ್ಲ ಸುತ್ತಿ ಸೂಜಕ್ಕನ ಮೈಮೇಲೆ ಬಂದು ನಿಲ್ಲುತ್ತದೆ. ಅವರು ತೊಟ್ಟಿದ್ದು ಕಂದು ಸ್ವೆಟರ್, ತಂಗಿ ಹೆಣೆದುಕೊಟ್ಟದ್ದು. ಒಂದು ಮೊಣಕೈ ಸವೆದಾಗ ಕಂದು ಉಣ್ಣೆ ಸಿಗದೆ ಬೂದು ಉಣ್ಣೆಯಲ್ಲಿ ತೇಪೆ ಹಾಕಿದ್ದಾರೆ. ಅದನ್ನೇ ಹಾಕಿಕೊಂಡು ಮಾರುಕಟ್ಟೆಗೆ ಹೋಗುತ್ತಾರೆ, ಮಗಳ ಕಾಲೇಜಿಗೆ ಹೋಗುತ್ತಾರೆ, ನೆಂಟರ ಮನೆಗೂ ಹೋಗುತ್ತಾರೆ.

“ಇದೇ! ನಮಗೆ ಬೇಕಾಗಿದ್ದು ಇದೇ! ಎಲ್ಲಿಂದ ತರಿಸಿದ್ರಿ?”

“ಮನೆಯಿಂದ.”

“ಕೊಡಿ ಕೊಡಿ. ಸಾಯಂಕಾಲ ವಾಪಸ್.”

ಆಮೇಲೆ ಆ ತಾಯಿ ಮೆಟ್ಟಿಲಿಳಿದು ಬರುತ್ತಾರೆ. ಕೋಟು ಬಿಚ್ಚಲು ಕೈ ಏಳುವುದಿಲ್ಲ. “ಇಸ್ತ್ರಿ ಮಾಡಿಸ್ಕೊಂಡು ಬಂದಿದ್ದೆ ಅಕ್ಕ. ಬೇಡ ಅಂದ್ರೆ ಮಗಳ ಕಥೆನೇ ತೆಗೆದುಬಿಡ್ತೀವಿ ಅಂತಾರೆ.” ಸೂಜಕ್ಕ ತಮ್ಮ ಸ್ವೆಟರನ್ನು ಅವರಿಗೆ ತೊಡಿಸಿ, ಗುಂಡಿ ಹಾಕುತ್ತಾ ಹೇಳುವುದು ಒಂದೇ ಮಾತು: “ನಿನ್ನೆ ತಾನೇ ಒಗೆದಿದ್ದೀನಮ್ಮ. ಕ್ಲೀನಾಗಿದೆ.” ತನ್ನ ದಿನನಿತ್ಯದ ಬಟ್ಟೆಗೆ ತಾನೇ ಜಾಮೀನು ನಿಲ್ಲಬೇಕಾಗಿ ಬಂದದ್ದಕ್ಕೆ ಅವರಿಗೆ ಆಗಲೇ ಕಸಿವಿಸಿ.

ಮೇಲಿನ ಚಿತ್ರೀಕರಣ ತೋರಿಸುವ, ಕೋಣೆಯ ಮೂಲೆಯ ಟಿ.ವಿ.ಯಲ್ಲಿ ಅವರು ಉಳಿದದ್ದನ್ನು ನೋಡುತ್ತಾರೆ. ತೀರ್ಪುಗಾರ ಕುರ್ಚಿಯಿಂದೆದ್ದು ಬಂದು ಮೊಣಕೈಯ ತೇಪೆ ಮುಟ್ಟುತ್ತಾನೆ. ಕ್ಯಾಮೆರಾ ತೇಪೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗುತ್ತದೆ. ಪಿಟೀಲು ಮಿಡಿಯುತ್ತದೆ. “ಈ ಒಂದೊಂದು ಹೊಲಿಗೆಯಲ್ಲೂ ಒಬ್ಬ ತಾಯಿಯ ಕಣ್ಣೀರಿದೆ” ಎಂದು ಅವನು ಬಿಕ್ಕುತ್ತಾನೆ. ಸಭೆ ಎದ್ದು ನಿಂತು ಅಳುತ್ತದೆ.

“ಕಣ್ಣೀರು? ಆ ತೇಪೆ ಹಾಕುವಾಗ ನಾನು ಕಡಲೆಕಾಯಿ ತಿಂತಾ ರೇಡಿಯೋ ಕೇಳ್ತಿದ್ದೆ!” ಎನ್ನುವಾಗ ಸೂಜಕ್ಕನ ಬಾಯಿ ಈಗಲೂ ತೆರೆದೇ ಉಳಿಯುತ್ತದೆ.

ಪ್ರಸಾರದ ಸಂಜೆ ಮನೆಯಲ್ಲಿ ಗಂಡ ಟಿ.ವಿ.ಗೆ ಹತ್ತಿರ ಸರಿದು, “ಲೇ, ನಿನ್ನ ಸ್ವೆಟರ್ ನೋಡಿ ಆ ಮನುಷ್ಯ ಯಾಕೆ ಅಳ್ತಾನೆ? ಏನಾಯ್ತು ಅದಕ್ಕೆ?” ಎಂದು ಗಾಬರಿಯಾದರು. ಮಗಳು ನಗಲಿಲ್ಲ. ಕೇಳಿದಳು: “ಅಮ್ಮ, ನೀನು ಅದನ್ನ ಹಾಕ್ಕೊಂಡು ಕಾಲೇಜಿಗೆ ಬಂದಾಗ್ಲೂ ಎಲ್ಲರೂ ನಿನ್ನ ಹೀಗೇ ನೋಡ್ತಿದ್ರಾ?”

ಸೂಜಕ್ಕ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದರು. ತಾನು ನೆಟ್ಟಗೆ ನಡೆದಾಡುತ್ತಿದ್ದ ಬಟ್ಟೆ ದೇಶದ ಕಣ್ಣಿಗೆ ದರಿದ್ರದ ವೇಷ ಎಂದು ಅವರಿಗೆ ಆವರೆಗೆ ಯಾರೂ ಹೇಳಿರಲಿಲ್ಲ.

ಸ್ವೆಟರ್ ಕಥೆ ಸಾರ್ ಹೇಳಿದ್ದ ಸಾಯಂಕಾಲ ವಾಪಸ್ ಬಂದಿರಲಿಲ್ಲ. ಮರುದಿನವೂ ಬರಲಿಲ್ಲ. ಸ್ಟುಡಿಯೋದ ಮುಂಬಾಗಿಲಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ದೀಪ ಹಾಕಿ, ಅದನ್ನು ಒಳಗಿಟ್ಟರು. ಕೆಳಗೆ ‘ತಾಯಿಯ ತ್ಯಾಗ’ ಎಂಬ ಫಲಕ. ದೇಶದ ಮೂಲೆಮೂಲೆಯಿಂದ ಆ ತಾಯಿಗೆಂದು ಸ್ವೆಟರುಗಳು ಮೂಟೆಗಟ್ಟಲೆ ಬಂದು ಬಿದ್ದವು. ಹರಿದವನ್ನು ರಫು ಮಾಡಲು ಸೂಜಕ್ಕನ ಮೇಜಿಗೇ ಕಳಿಸಿದರು. ಅವರು ಕಥೆ ಸಾರ್ ಹತ್ತಿರ ಹೋಗಿ ತಮ್ಮ ಸ್ವೆಟರ್ ಕೇಳಿದರು. ಮತ್ತೊಮ್ಮೆ ಕೇಳಿದರು.

“ಮೂಟೆಯಲ್ಲಿ ಯಾವುದು ಬೇಕೋ ತಗೊಳ್ಳಿ ಅಕ್ಕ.”

“ನಂಗೆ ನಂದು ಬೇಕು ಸಾರ್.”

“ಅದು ಈಗ ದೇಶದ್ದು. ಫೈನಲ್ ದಿನ ಹರಾಜು, ಬಡ ತಾಯಂದಿರ ನಿಧಿಗೆ. ನೀವು ಹೀಗೆ ಸಣ್ಣತನ ಮಾಡಬಾರ್ದು.”

ಸಣ್ಣತನ! ಮೈಮೇಲಿನ ಬಟ್ಟೆ ಬಿಚ್ಚಿಸಿಕೊಂಡು ಹೋದವರು ಬಿಚ್ಚಿಕೊಟ್ಟವಳಿಗೆ ಹೇಳಿದ ಮಾತಿದು. ಚಳಿಗಾಲದ ಆ ವಾರಗಳಲ್ಲಿ ಸೂಜಕ್ಕ ಗಂಡನ ಬಣ್ಣ ಮೆತ್ತಿದ ಅಂಗಿಯನ್ನು ಮೇಲೆ ಹಾಕಿಕೊಂಡು ಕೆಲಸಕ್ಕೆ ಬಂದರು.

ಫೈನಲ್ ದಿನ ಮಧ್ಯಾಹ್ನ ಸ್ವೆಟರ್ ಗಾಜಿನಿಂದ ಹೊರಗೆ ಬರುತ್ತದೆ. ಅದನ್ನು ತೊಡಲು ತಾಯಿ ಮತ್ತೆ ನೆಲಮಾಳಿಗೆಗೆ ಇಳಿಯುತ್ತಾರೆ.

“ನನ್ನ ಬಸ್ಸಿನ ಮಕ್ಕಳು ಪೆನ್ಸಿಲ್ ಡಬ್ಬಿಯಲ್ಲಿ ಚಿಲ್ಲರೆ ಕೂಡಿಸಿ ತಂದುಕೊಟ್ರು ಅಕ್ಕ. ‘ಡ್ರೈವರ್ ಆಂಟಿ, ಊಟ ಮಾಡಿ’ ಅಂತ. ನಾನು ಯಾವತ್ತು ಊಟ ಬಿಟ್ಟಿದ್ದೆ? ಅವರ ಅಪ್ಪ ಅಮ್ಮಂದಿರು ಕಿಟಕಿಯಿಂದ ಹಳೇ ಬಟ್ಟೆ ಚೀಲ ಒಳಗೆ ತೂರ್ತಾರೆ.” ಗುಂಡಿಯ ಮೇಲೆ ಕೈಯಿಟ್ಟು ಕೇಳುತ್ತಾರೆ: “ಇದನ್ನ ನಿಮಗೆ ವಾಪಸ್ ಕೊಡ್ತಾರಂತಾ?”

“ಇವತ್ತು ಹರಾಜಂತೆ.”

ತಾಯಿ ಗುಂಡಿ ಹಾಕಿಕೊಂಡು ಮೇಲೆ ಹೋಗುತ್ತಾರೆ.

ನೇರ ಪ್ರಸಾರ. ನಿರೂಪಕಿ ಮೈಕು ಹಿಡಿದು, ದನಿಯನ್ನು ಜೇನಿನಲ್ಲಿ ಅದ್ದಿ ಕೇಳುತ್ತಾಳೆ: “ಅಮ್ಮ, ಎಷ್ಟು ವರ್ಷದಿಂದ ಇದೊಂದೇ ಸ್ವೆಟರ್ ಹಾಕ್ತಿದ್ದೀರಿ?”

“ಇದು ಎರಡನೇ ಸಲ” ಎನ್ನುತ್ತಾರೆ ತಾಯಿ. “ನಂದಲ್ಲ ಇದು. ಕೆಳಗಡೆ ರಫು ಮಾಡೋ ಅಕ್ಕಂದು. ಅವರನ್ನ ಕೇಳದೆ ಮಾರೋದಕ್ಕೆ ಇಟ್ಟಿದ್ದಾರೆ. ನಂದು ಹಸಿರು ಕೋಟು, ಚೆನ್ನಾಗಿದೆ. ನಾವು ಮೂರು ಹೊತ್ತೂ ಉಣ್ತೀವಿ. ಮಗಳು ಹಾಡ್ತಾಳೆ, ಅದನ್ನ ಕೇಳಿ.” ಹಾಗೆನ್ನುತ್ತಲೇ ಗುಂಡಿ ಬಿಚ್ಚಿ, ಸ್ವೆಟರನ್ನು ಮಡಚಿ, ಕಂಕುಳಲ್ಲಿಟ್ಟುಕೊಳ್ಳುತ್ತಾರೆ.

ಪಿಟೀಲಿನವರು ಬಿಲ್ಲು ಎತ್ತಿದವರು ಎತ್ತಿದಂತೆಯೇ ಇದ್ದಾರೆ. ತೀರ್ಪುಗಾರನ ಕೈಯಲ್ಲಿ ಕರವಸ್ತ್ರ ಸಿದ್ಧವಿದೆ, ಒರೆಸಲು ಏನೂ ಇಲ್ಲ. ಪರದೆಯ ಮೇಲೆ ತಟಕ್ಕನೆ ಸೋಪಿನ ಜಾಹೀರಾತು. ಕೆಳಗೆ ಸೂಜಕ್ಕ ಎದ್ದು ನಿಂತವರು ಕೂರುವುದನ್ನೇ ಮರೆತಿದ್ದಾರೆ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ತಾಯಿ ಸ್ವೆಟರನ್ನು ಎರಡೂ ಕೈಯಲ್ಲಿ ಚಾಚುತ್ತಾರೆ. “ಒಂದು ಗುಂಡಿ ಸಡಿಲಾಗಿದೆ ಅಕ್ಕ, ಬೇಜಾರ್ ಮಾಡ್ಕೋಬೇಡಿ.”

“ಹುಚ್ಚೀ! ಮಗಳ ಗತಿ ಏನೇ?”

“ಬೆಳಗ್ಗೆ ಅವಳನ್ನ ಕೇಳಿದ್ದೆ. ‘ನೀನು ನಿನ್ನ ಕೋಟು ಹಾಕ್ಕೋ ಅಮ್ಮ, ನಾನು ಹಾಡ್ಕೋತೀನಿ’ ಅಂದ್ಳು.”

ಮಗಳು ಹಾಡಿದಳು. ಮೂರನೆಯವಳಾದಳು. ತಾಯಿ ಹಸಿರು ಕೋಟಿನಲ್ಲಿ ವೇದಿಕೆಯ ಪಕ್ಕ ನಿಂತು ಕೇಳಿದರು. ಕ್ಯಾಮೆರಾ ಒಮ್ಮೆಯೂ ಆ ಕಡೆ ತಿರುಗಲಿಲ್ಲ. ಮರುದಿನ ಸ್ಪರ್ಧೆಯವರು ‘ತಾಂತ್ರಿಕ ಅಡಚಣೆ’ಗೆ ವಿಷಾದ ತಿಳಿಸಿದರು.

ಕಥೆ ಸಾರ್ ಈಗ ಸೂಜಕ್ಕನ ಜೊತೆ ಮಾತಾಡುವುದಿಲ್ಲ. ಮುಂದಿನ ಸಾಲಿನ ಕೆಲಸಕ್ಕೆ ಎಲ್ಲರಿಗೂ ಕರೆ ಬಂದಿದೆ, ಅವರಿಗೆ ಬಂದಿಲ್ಲ. ಬರುತ್ತದೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಉಳಿದ ಮೂಟೆ ಮುಗಿಸಲು ದಿನಾ ಬೆಳಗಿನ ಜಾವ ಬರುತ್ತಿದ್ದಾರೆ, ಕಂದು ಸ್ವೆಟರ್ ತೊಟ್ಟುಕೊಂಡೇ. ಹೊಸದು ಕೊಡಿಸುತ್ತೇನೆಂದು ಮಗಳು ಹಿಂದೆ ಬಿದ್ದಿದ್ದಾಳೆ.

“ಅವಳ ಸಂಬಳ ಬರ್ಲಿ, ನೋಡೋಣ” ಎನ್ನುತ್ತಾರೆ ಸೂಜಕ್ಕ, ತೋಳು ಕೆಳಗೆಳೆದುಕೊಳ್ಳುತ್ತಾ. “ಹಳೇದು ಅಂತಾರಾ, ಅನ್ಲಿ, ಹಳೇದೇ. ಬಣ್ಣ ಹೊಂದಲ್ಲ ಅಂತಾರಾ, ಅದೂ ನಿಜ. ಪಾಪ ಅಂತ ಮಾತ್ರ ಅನ್ನಬಾರ್ದು.”