ಅರ್ಥ ಆಯ್ತೇನ್ರಪ್ಪಾ?

ಉನ್ನತ ಶಿಕ್ಷಣದ ಭವಿಷ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಹಾಸನದ ಒಂದು ಕಲ್ಯಾಣ ಮಂಟಪಕ್ಕೆ ತಡವಾಗಿ, ಬಿಳಿ ಕಾರಿನಲ್ಲಿ ಬಂದು, ಏಲಕ್ಕಿ ಹಾರ ಹಾಕಿಸಿಕೊಂಡು ವೇದಿಕೆ ಹತ್ತಿತು. ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು. ಲೇಔಟ್ ಮಾಡಿ ಮೇಲೆ ಬಂದವರು, ಸೈಟು ಮಾರಿ ಉಳಿದ ಜಾಗದಲ್ಲಿ ಕಾಲೇಜು ಕಟ್ಟಿದವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆ ಅವರ ಪದವಿ ಕಾಲೇಜುಗಳಿವೆ. ಅರಕಲಗೂಡಿನದರಲ್ಲಿ ನಾನು ಫಿಸಿಕ್ಸ್ ಪಾಠ ಮಾಡುತ್ತಿದ್ದೆ.

ಆ ದಿನ ಅವರು ಮೈಕು ಹಿಡಿದು ಸಾರಿದ್ದು ಇಷ್ಟು. ಇನ್ನು ಮೇಲೆ ಹಾಸನದಲ್ಲಿ ಒಬ್ಬರೇ ಮೇಷ್ಟ್ರು ಕ್ಯಾಮೆರಾ ಮುಂದೆ ಪಾಠ ಮಾಡುತ್ತಾರೆ. ಅದನ್ನು ನಾಲ್ಕೂ ಊರಿನ ಮಕ್ಕಳು ಸ್ಮಾರ್ಟ್ ಬೋರ್ಡಿನಲ್ಲಿ ನೋಡುತ್ತಾರೆ, ಫೋನಿನಲ್ಲೂ ನೋಡಬಹುದು. "ಮಕ್ಕಳು ಕಾಲೇಜಿಗೆ ಬರೋ ಕಾಲ ಹೋಯ್ತು. ಇನ್ನು ಕಾಲೇಜೇ ಮಕ್ಕಳ ಮನೆಗೆ ಬರುತ್ತೆ!" ಚಪ್ಪಾಳೆ. ಖಾಲಿ ಕುರ್ಚಿ ಕಾಣಬಾರದೆಂದು ತಂದೆತಾಯಿಗಳನ್ನೆಲ್ಲ ಬಸ್ಸು ಮಾಡಿ ಕರೆಸಿದ್ದರು, ಊಟಕ್ಕೆ ಹೋಳಿಗೆ ಹಾಕಿಸಿದ್ದರು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪ. ಮಲ್ಲಿಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಮರ್ಯಾದೆಯೂ ಅವರಲ್ಲಿರಲಿಲ್ಲ. 'ಫೆಸಿಲಿಟೇಟರ್' ಎಂದು ಹೆಸರಿಟ್ಟರು. ಕೆಲಸವೆಂದರೆ ಬೋರ್ಡಿನ ಸ್ವಿಚ್ಚು ಹಾಕುವುದು, ಪಾಠ ಮುಗಿದ ಮೇಲೆ ಆರಿಸುವುದು. ಎಂಎಸ್ಸಿ ಮಾಡಿ, ಬಿಎಡ್ ಮಾಡಿ, ಕೊನೆಗೆ ಸ್ವಿಚ್ಚು ಹಾಕುವುದಕ್ಕೆ ಬಂದು ನಿಂತೆ. ನಮ್ಮ ಪ್ರಯೋಗಾಲಯವೋ, ಹಾಸನದ ಪಕ್ಕ ವರ್ಷಗಟ್ಟಲೆಯಿಂದ ಕಟ್ಟುತ್ತಲೇ ಇರುವ ಬೂವನಹಳ್ಳಿಯ ವಿಮಾನ ನಿಲ್ದಾಣದ ಹಾಗೆ, ನಾನು ಸೇರಿದಾಗಿನಿಂದ ಬರುತ್ತಲೇ ಇತ್ತು. ಅದು ಬರುವ ಮುಂಚೆ ಈ ಬೋರ್ಡು ಬಂತು. ಅದಕ್ಕೆ ಜಾಗ ಮಾಡಲು ಕರಿಹಲಗೆಯನ್ನು ಕಿತ್ತು ಸೈಕಲ್ ಸ್ಟ್ಯಾಂಡಿನಲ್ಲಿ ಒರಗಿಸಿದರು. ಆಯುಧಪೂಜೆಯ ದಿನ ಹೊಸ ಬೋರ್ಡಿಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಪ್ರಿನ್ಸಿಪಾಲರು ಕೈಮುಗಿದರು. ಕರಿಹಲಗೆಗೆ ಯಾರೂ ಯಾವತ್ತೂ ಕೈಮುಗಿದಿರಲಿಲ್ಲ.

ನಮ್ಮ ಮಕ್ಕಳಿಗೆ ಮೇಷ್ಟ್ರು ಒಳಗೆ ಬಂದರೆ ಎದ್ದು ನಿಲ್ಲುವ ರೂಢಿ. ಪರದೆಯ ಮೇಲೆ ಹಾಸನದ ಮೇಷ್ಟ್ರ ಮುಖ ಮೂಡಿದ್ದೇ ತಡ, ಎಲ್ಲರೂ ದಡದಡ ಎದ್ದು "ನಮಸ್ತೇ ಸಾ" ಎಂದರು. ಅದು ಯಾವತ್ತೋ ರೆಕಾರ್ಡ್ ಮಾಡಿಟ್ಟ ಪಾಠ ಎಂದು ಗೊತ್ತಿದ್ದರೂ ಎದ್ದರು. ಆ ಮೇಷ್ಟ್ರೂ ಅಷ್ಟೇ, ರೆಕಾರ್ಡ್ ಮಾಡುವಾಗ ಖಾಲಿ ಕೋಣೆಗೆ "ಕೂತ್ಕೊಳ್ಳಿ" ಎಂದಿದ್ದರು. ನೋಡಲು ಬಂದ ಕಾರ್ಯದರ್ಶಿಗಳಿಗೆ ಖುಷಿಯೋ ಖುಷಿ. "ನೋಡ್ರಿ ಶಿಸ್ತು ಅಂದ್ರೆ!" ಅವರ ಸ್ವಂತ ಮಗ ಮಂಗಳೂರಿನಲ್ಲಿ, ಮೇಷ್ಟ್ರು ಮೈಕೈ ಸಮೇತ ತರಗತಿಗೆ ಬರುವ ಕಾಲೇಜಿನಲ್ಲಿ ಓದುತ್ತಿದ್ದಾನೆ.

ಒಂದು ದಿನ ನಮಸ್ಕಾರಕ್ಕೂ 'ಕೂತ್ಕೊಳ್ಳಿ'ಗೂ ನಡುವೆ ನೆಟ್ಟು ಕೈಕೊಟ್ಟಿತು. ಪರದೆಯಲ್ಲಿ ಮೇಷ್ಟ್ರು ಬಾಯಿ ತೆರೆದು ನಿಂತುಬಿಟ್ಟರು. ಇತ್ತ ತರಗತಿಯೂ ನಿಂತಿತು. ಯಾರೂ ಕೂರಲಿಲ್ಲ. ನನ್ನ ಮುಖ ನೋಡಿದರು, ಪರದೆ ನೋಡಿದರು. ಆಗ ಮಲ್ಲಿಪಟ್ಟಣದ ಆ ಹುಡುಗಿ, "ಕುಂತ್ಕಳ್ರೇ, ಅವರಿಗೇನ್ ನಾವು ಕಾಣುಸ್ತೀವಾ?" ಎಂದು ಧೊಪ್ಪನೆ ಕೂತಳು. ನಗು ತಡೆಯಲು ನಾನು ಕಿಟಕಿಯ ಕಡೆ ತಿರುಗಬೇಕಾಯಿತು.

ಆ ಹುಡುಗಿಯ ಗುಣವೇ ಹಾಗೆ. ನಾನು ಪಾಠ ಮಾಡುತ್ತಿದ್ದಾಗ "ಅರ್ಥ ಆಯ್ತಾ?" ಎಂದರೆ ಇಡೀ ತರಗತಿ ರಾಗವಾಗಿ "ಆಯ್ತು ಮೇಡಮ್" ಎನ್ನುತ್ತಿತ್ತು. ಅವಳೊಬ್ಬಳು, "ನಂಗಾಗ್ಲಿಲ್ಲ ಮೇಡಮ್" ಎನ್ನುತ್ತಿದ್ದಳು. ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳಿಸಿ ನನ್ನ ಪ್ರಾಣ ಹಿಂಡುತ್ತಿದ್ದಳು. ಹೇಳುತ್ತಾ ಹೇಳುತ್ತಾ ಎಷ್ಟೋ ಸಲ ನನಗೇ ಹೊಸದಾಗಿ ಹೊಳೆದದ್ದುಂಟು. ಎಂಎಸ್ಸಿ ಮಾಡುವ ಆಸೆ ಅವಳಿಗೆ. ಮಾಡುತ್ತಾಳೆ ಎಂದು ನನಗೆ ನಂಬಿಕೆಯಿತ್ತು. ಅವಳ ಮೇಲೆ ನನಗೆ ಪ್ರೀತಿ, ಅದನ್ನು ಮುಚ್ಚಿಟ್ಟು ಏನಾಗಬೇಕಿದೆ.

ಒದ್ದೆ ರಸ್ತೆಯ ಮೇಲೆ ಬಿದ್ದ ಎಣ್ಣೆಯಲ್ಲಿ ಬಣ್ಣ ಯಾಕೆ ಕಾಣುತ್ತದೆ ಎನ್ನುವ ಪಾಠ ಬಂದ ದಿನ ಪರದೆಯ ಮೇಷ್ಟ್ರು, "ಅರ್ಥ ಆಯ್ತೇನ್ರಪ್ಪಾ?" ಎಂದು ಕೇಳಿದರು. "ಇಲ್ಲ ಸಾ" ಎಂದಳು. "ವೆರಿ ಗುಡ್" ಎಂದು ಅವರು ಮುಂದಕ್ಕೆ ಹೋದರು. ನನಗೆ ತಡೆಯಲಾಗಲಿಲ್ಲ. ಪಾಠ ನಿಲ್ಲಿಸಿ, ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿದೆ. ಮಾರನೆಯ ದಿನ ಪ್ರಿನ್ಸಿಪಾಲರು ಕರೆಸಿದರು. ಯಾವ ಊರಿನಲ್ಲಿ ಎಷ್ಟು ಹೊತ್ತು ಪಾಠ ನಿಂತಿತ್ತು ಎಂಬುದು ಹಾಸನದಲ್ಲಿ ಕಾಣುತ್ತದಂತೆ. "ನೀವು ಪಾಠ ಮಾಡಬೇಡಿ ಮೇಡಮ್. ಗೋಡೆ ಬೇರೆ ಗಲೀಜಾಗಿದೆ" ಎಂದರು. ಕಾಲೇಜಿನಲ್ಲಿ ಪಾಠ ಮಾಡಬೇಡಿ ಎಂದು ಹೇಳುವಾಗ ಮನುಷ್ಯನಿಗೆ ಒಂದಿಷ್ಟಾದರೂ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಕಾಫಿ ತರಿಸಿಕೊಟ್ಟರು.

ಹೊಗೆಸೊಪ್ಪು ಮುರಿಯುವ ಕಾಲ ಬಂದಾಗ ಹುಡುಗಿ ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು. ವಿಚಾರಿಸಿದರೆ, "ಅವಳ ಹಾಜರಿ ಪೂರ್ತಿ ಇದೆಯಲ್ಲ, ದಿನಾ ಫೋನಲ್ಲಿ ನೋಡ್ತಿದ್ದಾಳೆ" ಎಂದರು ಪ್ರಿನ್ಸಿಪಾಲರು. ಒಂದು ಭಾನುವಾರ ಬಸ್ಸು ಹತ್ತಿ ಅವಳ ಊರಿಗೆ ಹೋದೆ.

ಅಪ್ಪ ಪ್ರೀತಿಯಿಂದಲೇ ಬರಮಾಡಿಕೊಂಡರು. ಮಗಳನ್ನು ಯಾಕೆ ಬಿಡಿಸಿದಿರಿ ಎಂದು ಕೇಳಿದೆ.

"ಬಿಡುಸ್ದೆ ಅಂತ ಯಾರಂದ್ರು ಮೇಡಮ್ನೋರೆ? ಓದ್ತಾ ಅವ್ಳಲ್ಲ! ನಿಮ್ ಕಾರ್ಯದರ್ಸಿಗಳೇ ಅಂದ್ರಲ್ಲ ಆಸನದಲ್ಲಿ, ಕಾಲೇಜೇ ಮನೆಗೆ ಬತ್ತದೆ ಅಂತ. ಬಂತು. ಇನ್ನ ಬಸ್ಸತ್ತಿ ಅಲ್ಲಿಗಂಟ ಓಗಿ ಅದೇ ವಿಡಿಯೋ ನೋಡಾದ್ಯಾಕೆ? ಅಲ್ಲೂ ಅದೇ ಸಾ, ಇಲ್ಲೂ ಅದೇ ಸಾ."

"ಪ್ರಾಕ್ಟಿಕಲ್ ಇರುತ್ತಲ್ಲ?"

"ಅದ್ನೂ ಪೋನಲ್ಲೇ ತೋರುಸ್ತಾರಂತೆ ಕಣಿ."

ಅವರ ಮಾತಿನಲ್ಲಿ ಎಳ್ಳಷ್ಟೂ ತಪ್ಪು ಸಿಗಲಿಲ್ಲ. ವೇದಿಕೆಯ ಮೇಲೆ ಆಡಿದ ಮಾತನ್ನು ನಿಜವೆಂದು ನಂಬಿದ ಮನುಷ್ಯ ಆ ಸಭೆಯಲ್ಲಿ ಅವರೊಬ್ಬರೇ ಇದ್ದರೇನೋ. ಆಡಿದವರಿಗಂತೂ ನಂಬಿಕೆ ಇರಲಿಲ್ಲ. ಈ ಅಪ್ಪನ ಮೇಲೆ ಬರಬೇಕಾದ ಸಿಟ್ಟೆಲ್ಲ ನನಗೆ ಆ ಏಲಕ್ಕಿ ಹಾರದ ಮೇಲೆ ಬಂತು.

ಸೊಪ್ಪು ಹದ ಮಾಡುವ ಬ್ಯಾರನ್ ಹಿತ್ತಲಲ್ಲಿತ್ತು. ಅದರ ಜಗಲಿಯಲ್ಲಿ ನಾಲ್ಕಾರು ಹೆಂಗಸರ ಜೊತೆ ಹುಡುಗಿ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದಳು. ಅಂಟು ಹಿಡಿದು ಅವಳ ಬೆರಳೆಲ್ಲ ಕಪ್ಪಾಗಿದ್ದವು. ನಾನು ಕಂಬದ ಹತ್ತಿರ ನಿಂತದ್ದನ್ನು ಅವಳು ನೋಡಲಿಲ್ಲ. ಎದುರಿನ ಗೋಡೆಗೂಡಿನಲ್ಲಿ ಫೋನು ಪರದೆ ಒಳಮುಖವಾಗಿ ಒರಗಿತ್ತು. ಹಾಸನದ ಮೇಷ್ಟ್ರು ಗೋಡೆಯ ಕಡೆಗೇ ಮುಖ ಮಾಡಿ ಪಾಠ ಹೇಳುತ್ತಿದ್ದರು.

"ಅರ್ಥ ಆಯ್ತೇನ್ರಪ್ಪಾ?" ಎಂದಿತು ಫೋನು.

ಹುಡುಗಿ ತಲೆ ಎತ್ತಲಿಲ್ಲ. ಇನ್ನೊಂದು ಎಲೆಗೆ ಕೈ ಹಾಕುತ್ತಾ, "ಆಯ್ತು ಸಾ" ಎಂದಳು.