ಹಳ್ಳಕ್ಕೆ ದಾರಿ ಬಿಡಿಸುವ ಬನ್ ಮಾಮ

ಬೇಕರಿಯ ಹಿಂಬಾಗಿಲಿಂದ ಹೊರಗೆ ಬರುವಾಗ ಅವರ ಮೊಣಕೈವರೆಗೂ ಹಿಟ್ಟು ಮೆತ್ತಿರುತ್ತದೆ. ರಾತ್ರಿಯಿಡೀ ಒಲೆಯ ಮುಂದೆ ನಿಂತ ಮೈ ಇನ್ನೂ ಆರಿಲ್ಲ. ಬೀದಿದೀಪಗಳೂ ಆರಿಲ್ಲ. ಮನೆಯ ದಾರಿ ಬಲಕ್ಕೆ. ಅವರು ಎಡಕ್ಕೆ ಹೊರಳಿ, ಇಳಿಜಾರಿನಲ್ಲಿ ಹಳ್ಳದ ಕಡೆ ನಡೆಯುತ್ತಾರೆ. ಮೋರಿಯ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಟ್ಟು, ತೊಡೆಯವರೆಗೆ ಬರುವ ರಬ್ಬರ್ ಬೂಟು ಏರಿಸಿ, ಉದ್ದ ಹಿಡಿಯ ಕಬ್ಬಿಣದ ಕೊಕ್ಕೆ ಹಿಡಿದು ನೀರಿಗಿಳಿಯುತ್ತಾರೆ. ಕಾದ ಒಲೆಯಿಂದ ಟ್ರೇ ಎಳೆಯಲು ಮಾಡಿಸಿದ್ದ ಹಳೆಯ ಕೊಕ್ಕೆ ಅದು.

ಮೋರಿಯ ಬಾಯಿಗೆ ಅಡ್ಡ ಬಿದ್ದದ್ದೆಲ್ಲ ಒಂದೊಂದಾಗಿ ದಡಕ್ಕೆ ಬರುತ್ತದೆ. ಬಾಟಲಿಗಳು, ಹಾಲಿನ ಕವರುಗಳು, ಒಂಟಿ ಶೂ, ಹೊಟ್ಟೆ ಒಡೆದ ದಿಂಬು. ದಡದಲ್ಲಿ ಚೀಲದ ಬಾಯಿ ಅಗಲಿಸಿ ನಿಂತಿರುವವರು ಅವರ ಮನೆಯ ಮಹಡಿಯಲ್ಲಿರುವ, ಓಣಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹೆಂಗಸು. ಶಾಲೆಯೊಂದರಲ್ಲಿ ಆಯಾ ಆಗಿದ್ದು ನಿವೃತ್ತರಾದವರು. ಮೊಣಕಾಲು ನೋವು, ಆದರೆ ಬಾಯಿ ಚುರುಕು. "ಹೋದ ವಾರ ಡಬಲ್ ಹಾಸಿಗೆ ಸಿಕ್ತು ಇವನಿಗೆ. ಯಾರ ಸಂಸಾರ ಮುರಿದಿತ್ತೋ ಏನೋ, ಹಾಸಿಗೆನ ಮಾತ್ರ ನಮ್ಮ ಹಳ್ಳಕ್ಕೆ ತಂದು ಹಾಕಿದ್ರು," ಎನ್ನುತ್ತಾರೆ. ನೀರಿನಲ್ಲಿ ನಿಂತವರು ನಗುವುದಿಲ್ಲ, ನಕ್ಕಂತೆ ಮಾಡುತ್ತಾರೆ.

ಓಣಿಯ ಮಕ್ಕಳಿಗೆ ಅವರು ಬನ್ ಮಾಮ. ಈಗ ದೊಡ್ಡವರೂ ಹಾಗೆಯೇ ಕರೆಯುತ್ತಾರೆ. ವಯಸ್ಸು ಐವತ್ತು ದಾಟಿದೆ. ಮದುವೆಯಾಗಲಿಲ್ಲ. ಚಿಕ್ಕಂದಿನಲ್ಲೇ ಜ್ವರ ಬಂದು ಕಾಲಿನ ಬಲ ಕಳೆದುಕೊಂಡ ತಂಗಿಯನ್ನು ನೋಡಿಕೊಳ್ಳುತ್ತಿದ್ದರು. "ನೋಡ್ಕೋತಿದ್ದಿದ್ದು ಅವಳೇ, ನನ್ನನ್ನ," ಎಂದು ತಿದ್ದುತ್ತಾರೆ ಅವರು. "ಕೂತಲ್ಲೇ ಅಡುಗೆ ಮಾಡೋಳು. ದರ್ಜಿ ಅಂಗಡಿಯಿಂದ ಬಟ್ಟೆ ತರಿಸಿಕೊಂಡು ಗುಂಡಿ ಹಾಕೋಳು. ನಾನು ಬೆಳಿಗ್ಗೆ ಮಲಗಿದ್ರೆ ಓಣಿಲಿ ಯಾರೂ ಜೋರಾಗಿ ಮಾತಾಡೋ ಹಾಗಿಲ್ಲ, ಕಿಟಕಿಯಿಂದಲೇ ಗದರಿಸೋಳು."

ಆ ಕಿಟಕಿ ರಸ್ತೆಯ ಮಟ್ಟದಲ್ಲಿದೆ. ಮನೆ ಎರಡು ಮೆಟ್ಟಿಲು ಕೆಳಗೆ. ಮೂರು ಮಳೆಗಾಲದ ಹಿಂದೆ, ಅಣ್ಣ ಕೆಲಸಕ್ಕೆ ಹೋದ ಮೇಲೆ ಸುರಿಯತೊಡಗಿದ ಮಳೆಗೆ ಹಳ್ಳ ತುಂಬಿತು. ಮೋರಿ ಕಟ್ಟಿಕೊಂಡಿತ್ತು. ಹೋಗಲು ದಾರಿಯಿಲ್ಲದ ನೀರು ಓಣಿಗೆ ನುಗ್ಗಿತು. ತಗ್ಗಿನ ಮನೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಹೊರಗಿನ ನೀರು ಅದನ್ನು ಒತ್ತಿ ಹಿಡಿಯಿತು.

ದೊಡ್ಡಮ್ಮ ಮಹಡಿಯಿಂದ ಇಳಿದು ಬಂದು ಬಾಗಿಲು ಎಳೆದರು, ಕೂಗಿಕೊಂಡರು. ಜನ ಹಾರೆ ಹುಡುಕಿ ತರುವವರೆಗೆ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಒಳಗಿದ್ದವಳ ಕೈ ಹಿಡಿದು ನಿಂತರು. ಆ ಮಾತು ಬಂದರೆ ಅವರ ಬಾಯಿಯ ಚುರುಕು ಇಳಿದುಹೋಗುತ್ತದೆ. "ಅಣ್ಣಂಗೆ ಈಗಲೇ ಹೇಳ್ಬೇಡಿ ದೊಡ್ಡಮ್ಮ, ಗಾಬರಿ ಮಾಡ್ಕೊಂಡು ನೀರಲ್ಲಿ ಓಡಿ ಬರ್ತಾನೆ ಅಂದ್ಲು. ಅದೇ ಕೊನೆ ಮಾತು. ಬಾಗಿಲು ಒಡೆಯೋ ಹೊತ್ತಿಗೆ ಕೈ ನನ್ನ ಕೈಲೇ ಇತ್ತು, ಹಿಡಿತ ಇರಲಿಲ್ಲ."

ಮಣ್ಣು ಮಾಡಿ ಬಂದ ಮರುದಿನ ಅಣ್ಣ ಮೋರಿಯ ಹತ್ತಿರ ಹೋದರು. ನೀರು ಇಳಿದಿತ್ತು. ಮೋರಿಯ ಬಾಯಲ್ಲಿ ಕವರು, ಚೀಲ, ಥರ್ಮೋಕೋಲು, ಚಿಂದಿಬಟ್ಟೆ ಒಂದರ ಮೇಲೊಂದು ಗೋಡೆಯಂತೆ ಕೂತಿದ್ದವು. "ಯಾರ ಮೇಲೆ ಸಿಟ್ಟು ಮಾಡ್ಲಿ ಅಂತ ನೋಡಿದೆ," ಎನ್ನುತ್ತಾರೆ. "ಒಬ್ಬರದ್ದಲ್ಲ ಅದು. ಊರಿಗೆ ಊರೇ ಸೇರಿ ಹಾಕಿದ್ದು. ಸುಮ್ಮನೆ ಕೀಳೋಕೆ ಶುರು ಮಾಡಿದೆ."

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿತು ಓಣಿ. ಬೈದು ಮನೆಗೆ ಕರೆತರಲು ಹೋದ ದೊಡ್ಡಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, ತಾವೂ ಒಂದು ಚೀಲ ಹಿಡಿದರು. ಬಹಳ ದಿನ ಇಬ್ಬರೇ. ಆಮೇಲೆ ಒಬ್ಬೊಬ್ಬರಾಗಿ ಓಣಿಯವರು ಬಂದರು. ಈಗ ಭಾನುವಾರಗಳಲ್ಲಿ ಇಪ್ಪತ್ತರ ಸುಮಾರು ಜನ ಸೇರುತ್ತಾರೆ. ಹಳ್ಳ ಮುಗಿಸಿ, ಪಕ್ಕದ ಪಾರ್ಕಿನ ಪೊದೆಗಳಲ್ಲಿ ಸಿಕ್ಕಿಕೊಂಡದ್ದನ್ನೂ ಬಿಡಿಸುತ್ತಾರೆ. ಉಳಿದ ದಿನಗಳಲ್ಲಿ ಬನ್ ಮಾಮ ಮತ್ತು ದೊಡ್ಡಮ್ಮನೇ. ಬೆಳಕು ಹರಿಯುವಷ್ಟರಲ್ಲಿ ಐದಾರು ಚೀಲ. ಮಳೆ ಬಂದ ಮರುದಿನ ಅದರ ಎರಡರಷ್ಟು.

ಕಷ್ಟ ಕೇಳಿದರೆ ಅವರು ಬಲಗಾಲು ತೋರಿಸುತ್ತಾರೆ. ಬೂಟು ಇಲ್ಲದ ಕಾಲದಲ್ಲಿ ಗಾಜು ಹೊಕ್ಕು ಕೀವಾಗಿ, ತಿಂಗಳುಗಟ್ಟಲೆ ಮಲಗಿದ್ದರು. ಬೇಕರಿಯ ಯಜಮಾನರು ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರಂತೆ. "ಅವರದ್ದೇನು ತಪ್ಪು? ಜನಕ್ಕೆ ಬೆಳಿಗ್ಗೆ ಬ್ರೆಡ್ ಬೇಕಲ್ಲ." ಕಾಲು ನೆಲಕ್ಕೆ ಸರಿಯಾಗಿ ಊರಲು ಬರುವ ಮೊದಲೇ ಕೆಲಸಕ್ಕೂ ಹಳ್ಳಕ್ಕೂ ಮರಳಿದರು.

ಗಾಜಿಗಿಂತ ದೊಡ್ಡ ಪೇಚಾಟ ತಂದಿದ್ದು ಮೇಲಿನ ರಸ್ತೆಯ ಕೋಳಿ ಅಂಗಡಿ. ಪ್ರತಿ ಸಂಜೆ ಪುಕ್ಕ, ಕರುಳು ತುಂಬಿದ ಚೀಲಗಳು ಹಳ್ಳಕ್ಕೆ ಬೀಳುತ್ತಿದ್ದವು. ಹೇಳಿದರೂ ನಿಲ್ಲಲಿಲ್ಲ. ಒಂದು ಭಾನುವಾರ ಸೇರಿದವರೆಲ್ಲ ರೊಚ್ಚಿಗೆದ್ದು, ನಾರುವ ಚೀಲಗಳನ್ನು ಅಂಗಡಿಯ ಬಾಗಿಲಿಗೇ ಸುರಿಯಲು ಹೊರಟರು. ಬನ್ ಮಾಮ ಮುಂದೆ ನಡೆದರು. ಅಂಗಡಿ ಮುಟ್ಟಿದ ಮೇಲೆ ಚೀಲಗಳನ್ನು ರಸ್ತೆಯಲ್ಲೇ ಇಳಿಸಲು ಹೇಳಿ, ಒಬ್ಬರೇ ಒಳಗೆ ಹೋದರು.

ಮುಂದಿನದನ್ನು ಕೋಳಿ ಅಂಗಡಿಯವರ ಬಾಯಲ್ಲೇ ಕೇಳಬೇಕು. "ಹೊಡೆದಾಟಕ್ಕೆ ಬಂದ್ರು ಅಂತ ಕತ್ತಿ ಕೈಲೇ ಇಟ್ಕೊಂಡಿದ್ದೆ. ಇವರು ಸಣ್ಣ ದನಿಲಿ, ಐದು ನಿಮಿಷ ನಮ್ಮನೆಗೆ ಬರ್ತೀರಾ ಅಂದ್ರು. ಹೋದೆ. ಗೋಡೆ ಮೇಲೆ ನನ್ನ ಎದೆಮಟ್ಟಕ್ಕೆ ಕೆಸರಿನ ಗೆರೆ ಇತ್ತು. ಅದರ ಕೆಳಗೆ ಅವರ ತಂಗಿ ಮಂಚ. ಇಲ್ಲೇ ಮಲಗ್ತಿದ್ಲು ಅಂದ್ರು, ಅಷ್ಟೇ. ಬೈದಿದ್ರೆ ನಾನೂ ತಿರುಗಿಸಿ ಬೈತಿದ್ದೆ. ಬೈಲಿಲ್ಲವಲ್ಲ ಸಾರ್, ಅದಕ್ಕೇನು ಮಾಡೋದು?"

ಕೋಳಿ ಅಂಗಡಿಯವರು ಮರಳಿ ಹೋಗಿ, ರಸ್ತೆಯಲ್ಲಿದ್ದ ಚೀಲಗಳನ್ನು ತಾವೇ ತಮ್ಮ ಗಾಡಿಗೆ ಏರಿಸಿದರು. ಅಂದಿನಿಂದ ಅಂಗಡಿಯ ಕಸ ಹಳ್ಳಕ್ಕೆ ಬಿದ್ದಿಲ್ಲ. ಭಾನುವಾರಗಳಲ್ಲಿ ಜನ ಕಟ್ಟಿಟ್ಟ ಚೀಲಗಳೂ ಅದೇ ಗಾಡಿಯಲ್ಲಿ ಊರಾಚೆ ಕಸ ಸುರಿಯುವ ಜಾಗಕ್ಕೆ ಹೋಗುತ್ತವೆ. ದೊಡ್ಡಮ್ಮ ಮಾತ್ರ ಅವರನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. "ಗಾಡಿ ತೊಳೆದು ತಾರೋ," ಎಂದು ಪ್ರತಿ ವಾರ ಗದರುತ್ತಾರೆ. ಅವರು ತೊಳೆದೇ ತರುತ್ತಾರೆ.

ಹಳ್ಳ ಪೂರ್ತಿ ಚೊಕ್ಕಟವಾಗಿದೆ ಎಂದರೆ ಸುಳ್ಳಾಗುತ್ತದೆ. ನಾನು ಹೋದ ದಿನವೂ ಮಾತಾಡುತ್ತಿದ್ದಂತೆಯೇ ಮೇಲಿನ ಸೇತುವೆಯಿಂದ ಯಾರೋ ಒಂದು ಕವರು ಎಸೆದರು. ಬನ್ ಮಾಮ ತಲೆ ಎತ್ತಿಯೂ ನೋಡಲಿಲ್ಲ. ಅದು ತೇಲಿ ಬರುವುದನ್ನು ಕಾದು, ಕೊಕ್ಕೆಯಿಂದ ಎತ್ತಿ ದಡಕ್ಕೆ ಹಾಕಿದರು. ಬೇಸರವಾಗುವುದಿಲ್ಲವೇ ಎಂದೆ.

"ಆಗತ್ತೆ. ಮನೇಲಿ ಕೂತ್ರೆ ಇದಕ್ಕಿಂತ ಜಾಸ್ತಿ ಆಗತ್ತೆ."

ಬೂಟು ಕಳಚಿ, ನೀರು ಬಸಿದು, ಕಟ್ಟೆಯ ಮೇಲೆ ಬೋರಲು ಹಾಕಿದ ಮೇಲೆ ಅವರಿಗೆ ಮಾತು ಬರುತ್ತದೆ. ಈ ಸಲದ ಮಳೆಯ ಸುದ್ದಿ ಹೇಳತೊಡಗುತ್ತಾರೆ. ಒಂದು ದಿನ ಬೆಳಗಿನ ಜಾವ, ಆ ವರ್ಷದಂತೆಯೇ ಸುರಿಯಿತಂತೆ. ಒಲೆಯಲ್ಲಿ ಟ್ರೇಗಳಿದ್ದವು. ಜೊತೆಯವನಿಗೆ ಒಪ್ಪಿಸಿ ಓಡಿದರು.

"ಹಳ್ಳ ತುಂಬಿ ಕೆಂಪಗೆ ಬರ್ತಿತ್ತು. ಕಟ್ಟೆ ಹಿಡ್ಕೊಂಡು ನಿಂತೆ. ಬಂದ ನೀರೆಲ್ಲ ಮೋರಿಯೊಳಗೆ ಹೋಗ್ತಾನೇ ಇತ್ತು. ಎಷ್ಟೋ ಹೊತ್ತು ನೋಡ್ತಾ ನಿಂತೆ. ಆಮೇಲೆ ಓಣಿ ಕಡೆ ಹೋದೆ. ಎಲ್ಲರ ಮನೆ ಬಾಗಿಲೂ ಮುಚ್ಚಿತ್ತು, ಒಂದು ದೀಪನೂ ಇರಲಿಲ್ಲ. ದೊಡ್ಡಮ್ಮನ ಗೊರಕೆ ಕೆಳಗಿನವರೆಗೂ ಕೇಳ್ತಿತ್ತು."

ಕೈಗೆ ಅಂಟಿದ ಕೆಸರನ್ನು ಉಜ್ಜಿಕೊಳ್ಳುತ್ತಾರೆ.

"ಬೆಳಗಾದ ಮೇಲೆ ಮೂಲೆಮನೆಯವರು ಕೇಳಿದ್ರು, ನೆಲ ಒದ್ದೆಯಾಗಿದೆಯಲ್ಲ, ರಾತ್ರಿ ಮಳೆ ಬಂತಾ ಅಂತ. ಹೂಂ, ಸ್ವಲ್ಪ ಬಂತು ಅಂದೆ."