ಬಾಗಿಲ ಮೇಲಿನ ಸುಣ್ಣದ ಗೀಟು

ಪ್ಲೇಗು ಬಂದ ವರ್ಷ ಮೊಳಕಾಲ್ಮೂರಿನ ವರ್ತಕರೂ ಶಾಲೆಯ ಮೇಷ್ಟರೂ ಸೇರಿ ಒಂದು ಸಮಿತಿ ಮಾಡಿಕೊಂಡು ನನ್ನನ್ನೂ ಸೇರಿಸಿಕೊಂಡರು. ಇಲಿ ಸತ್ತು ಬಿದ್ದ ಕೇರಿಯನ್ನು ಖಾಲಿ ಮಾಡಿಸಬೇಕೆಂದು ಸರ್ಕಾರದ ಹುಕುಂ ಇತ್ತು. ಹಾಗೆ ಹೊರಟವರಿಗೆ ಊರಾಚೆ ಗುಡಿಸಲು ಹಾಕಿಕೊಡುವುದು, ನೀರು, ರಾಗಿ ಒದಗಿಸುವುದು ನಮ್ಮ ಕೆಲಸ. ಸಂಬಳವಿರಲಿಲ್ಲ. ನನಗೆ ನಾಲ್ಕಕ್ಷರ ಬರುತ್ತಿದ್ದುದರಿಂದ ನೇಕಾರರ ಕೇರಿಯನ್ನು ಒಪ್ಪಿಸಿದರು. ಮನೆ ಖಾಲಿಯಾದ ಮೇಲೆ ಬಾಗಿಲಿಗೆ ಸುಣ್ಣದಲ್ಲಿ ಒಂದು ಗೀಟು ಎಳೆಯಬೇಕು. ಇನ್ನೂ ಹೊರಡದವರ ಮನೆ ಮುಂದೆ ಸಮಿತಿಯವರು ದಿನಾ ಬೆಳಿಗ್ಗೆ ನಿಂತು, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೂಗಿ ಕೇಳುತ್ತಿದ್ದರು. ಗೀಟಿದ್ದ ಮನೆಯ ಮುಂದೆ ನಿಲ್ಲುತ್ತಿರಲಿಲ್ಲ.

ನಮ್ಮ ಮನೆಯೂ ಆ ಕೇರಿಯಲ್ಲೇ. ಅತ್ತಿಗೆಯನ್ನೂ ಅವಳ ಕೂಸನ್ನೂ ಮೊದಲ ದಿನವೇ ಗುಡಿಸಲಿಗೆ ಕಳಿಸಿದೆ. ಅಣ್ಣ ಮಗ್ಗದಿಂದ ಏಳಲಿಲ್ಲ. ರಾಂಪುರದವರ ಧಾರೆ ಸೀರೆ ಮಗ್ಗದ ಮೇಲಿತ್ತು, ಸೆರಗು ಮಾತ್ರ ಬಾಕಿ. ಮದುವೆ ಸೀರೆಯನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಉಡುವ ಹುಡುಗಿಗೆ ಕೇಡು ಎಂಬುದು ನಮ್ಮವರ ನಂಬಿಕೆ. ಬೇರೆ ಮನೆಗಳಲ್ಲಿ ಅದೇ ಮಾತು ಹೇಳಿದವರನ್ನು ನಾನು ಬೈದು ಎಬ್ಬಿಸಿದ್ದೆ. ಅಣ್ಣನನ್ನು ಬೈಯಲಾಗಲಿಲ್ಲ. ನಾನೂ ಅದನ್ನು ನಂಬಿದ್ದೆ.

ಮಾರನೆಯ ದಿನ ಅಮಲ್ದಾರರು ಬರುವವರಿದ್ದರು. ಹೊರಡದವರನ್ನು ಪೇದೆಗಳು ಎಳೆದು ಹಾಕುತ್ತಾರೆಂದು ಸುದ್ದಿಯಿತ್ತು.

"ಗೀಟು ಎಳೆದು ಹೋಗ್ಲೇ. ಇನ್ನ ಮೂರು ದಿನದ ಕೆಲ್ಸ ಐತೆ, ಮುಗ್ಸಿ ನಾನೇ ಬರ್ತೀನಿ" ಎಂದ ಅಣ್ಣ.

"ಜ್ವರ ಬಂದ್ರೆ?"

"ಬಂದ್ರೆ ನೀನಿದ್ದೀಯಲ್ಲ, ದೊಡ್ಡ ಸಮಿತಿಯೋನು."

ಕೊಡದಲ್ಲಿ ನೀರು ತುಂಬಿಟ್ಟೆ, ರೊಟ್ಟಿ ಇಟ್ಟೆ. ಹೊರಗಿನಿಂದ ಚಿಲಕ ಹಾಕಿ ಗೀಟು ಎಳೆದೆ. ದಿನಾ ಹಿತ್ತಲ ಬಾಗಿಲಿನಿಂದ ಬಂದು ನೋಡಿಕೊಂಡು ಹೋಗುವುದು ಎಂದುಕೊಂಡಿದ್ದೆ.

ಆ ಸಂಜೆಗೆ ಗುಡಿಸಲುಗಳಲ್ಲಿ ರಾಗಿ ಮುಗಿಯಿತು. ಚಳ್ಳಕೆರೆಯ ವರ್ತಕರು ಧರ್ಮಕ್ಕೆ ಕೊಡಲು ಒಪ್ಪಿದ್ದರು. ಗಾಡಿಯ ಜೊತೆ ಹೋಗು ಎಂದು ಮೇಷ್ಟರು ನನಗೇ ಹೇಳಿದರು. ಅಣ್ಣ ಒಳಗಿದ್ದಾನೆಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನಾನು ಎಳೆದ ಗೀಟು ಸುಳ್ಳೆಂದು ಒಪ್ಪಿಕೊಳ್ಳಬೇಕಿತ್ತು.

ಪ್ಲೇಗಿನ ಊರಿನ ಗಾಡಿಯೆಂದು ಚಳ್ಳಕೆರೆಯಲ್ಲಿ ನಮ್ಮನ್ನು ಊರ ಹೊರಗೇ ತಡೆದರು. ಎರಡು ದಿನ ಹುಣಸೆಮರದ ಕೆಳಗೆ ಕೂತಿದ್ದೆವು. ಮೂಟೆಗಳನ್ನು ದೂರದಲ್ಲಿ ಇಳಿಸಿ ಹೋದರು, ನಾವೇ ಹೊತ್ತು ತುಂಬಿದೆವು. ಮೊಳಕಾಲ್ಮೂರು ಮುಟ್ಟಿದ್ದು ಆರನೆಯ ದಿನ. ಗುಡಿಸಲಿಗೆ ಅಣ್ಣ ಬಂದಿರಲಿಲ್ಲ.

ಅವನು ಮಗ್ಗದ ಪಕ್ಕದಲ್ಲಿ ಬಿದ್ದಿದ್ದ. ಜೀವ ಹೋಗಿ ಎರಡು ದಿನವಾಗಿರಬೇಕು ಎಂದರು. ಕೊಡ ಖಾಲಿಯಾಗಿತ್ತು. ಸೆರಗು ಇನ್ನೊಂದು ಗೇಣು ನೇಯುವುದು ಉಳಿದಿತ್ತು. ಆ ಸೀರೆಯನ್ನು ಹಾಸಿಗೆಯ ಜೊತೆ ಸುಟ್ಟರು. ಅವನು ಕೂಗಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೂಗಿದ್ದರೂ ಕೇಳಲು ಕೇರಿಯಲ್ಲಿ ಯಾರೂ ಇರಲಿಲ್ಲ. ಎಲ್ಲರನ್ನೂ ನಾನೇ ಕಳಿಸಿದ್ದೆ. ಬೇರೆ ಕೇರಿಗೆ ಹೋಗುವ ಸಮಿತಿಯವರು ದಿನಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆಯೇ, ಗೀಟು ನೋಡಿ ನಿಲ್ಲದೆ, ಹಾದುಹೋಗಿದ್ದರಂತೆ.

ನನಗೆ ಅಳು ಬರಲಿಲ್ಲ. ರಾಗಿ ಹಂಚುವುದಿತ್ತು, ಹಂಚಿದೆ.

ಸಂಜೆ ಅತ್ತಿಗೆ ಒಂದೇ ಮಾತು ಕೇಳಿದಳು.

"ಗೀಟು ಎಳ್ದೋರು ಯಾರು?"

"ನಾನೇ, ಅತ್ತಿಗೆ."

ಆಮೇಲೂ ಅವಳು ನನ್ನ ಊಟವನ್ನು ಒಂದು ದಿನವೂ ತಪ್ಪಿಸಲಿಲ್ಲ. ಗಂಗಳವನ್ನು ಗುಡಿಸಲ ಹೊರಗಿಟ್ಟು, ನಾನು ಬರುವ ಮುಂಚೆ ಒಳಗೆ ಹೋಗಿರುತ್ತಿದ್ದಳು.